‘ಸಾಕು’ ಎನ್ನಬಲ್ಲ ಉಸ್ತಾದರು

ಕಳೆದ ಆಷಾಢದಲ್ಲಿ ನನ್ನ ವಿದ್ಯಾರ್ಥಿಯೊಬ್ಬ ಸೊಂಟ ಹಿಡಿದುಕೊಂಡು ಬಂದು, ಕೊನೆಯ ಬೆಂಚಿನ ಪಕ್ಕದಲ್ಲಿ ನಿಂತೇ ಪಾಠ ಕೇಳಿದ. ವಿಚಾರಿಸಲಾಗಿ ತಿಳಿದದ್ದಿಷ್ಟು: ಜಿಮ್ ಒಂದಕ್ಕೆ ಸೇರಿ ಒಂಬತ್ತೇ ದಿನವಾಗಿತ್ತು, ಅಲ್ಲಿಯ ತರಬೇತುದಾರ ‘ಇನ್ನೊಂದು, ಇನ್ನೊಂದು’ ಎಂದು ಹುರಿದುಂಬಿಸುತ್ತ, ಹುಡುಗನ ಬೆನ್ನು ತಾಳಲಾರದ ಭಾರವನ್ನು ನೆಲದಿಂದ ಎತ್ತಿಸಿದ್ದ. ಹುಡುಗನಿಗಾದರೋ ಅವನ ಮೇಲೆ ಎಳ್ಳಷ್ಟೂ ಕೋಪವಿಲ್ಲ. ‘ಅವರ ತೋಳು ನೋಡಬೇಕು ಸಾರ್ ನೀವು!’ ಎಂದ.

ತೋಳನ್ನು ನೋಡಿ ಗುರುವನ್ನು ಆರಿಸಿದರೆ ಆಗುವುದು ಹೀಗೆಯೇ. ತನ್ನ ಮೈಯನ್ನು ಬೆಳೆಸಿಕೊಳ್ಳುವ ವಿದ್ಯೆ ಬೇರೆ, ಇನ್ನೊಬ್ಬನ ಮೈಯನ್ನು ಅರಿಯುವ ವಿದ್ಯೆ ಬೇರೆ. ಪಂಡಿತರೆಲ್ಲ ಪಾಠ ಹೇಳಬಲ್ಲವರಲ್ಲವೆಂಬುದನ್ನು ನಮ್ಮಂಥ ಮೇಷ್ಟರುಗಳಿಗೆ ಯಾರೂ ವಿವರಿಸಬೇಕಾದ್ದಿಲ್ಲ.

ಮೈಸೂರಿನಲ್ಲಿ ಓದುತ್ತಿದ್ದಾಗ ನಾನು ಎರಡು ವರ್ಷ ಗರಡಿಗೆ ಹೋಗುತ್ತಿದ್ದೆ. ಪೈಲ್ವಾನನಾಗುವ ಆಸೆಯಿಂದಲ್ಲ; ಹಾಸ್ಟೆಲಿನ ಗೆಳೆಯರ ಹಾಸ್ಯಕ್ಕೆ ಗುರಿಯಾಗಿದ್ದ ನನ್ನ ಎದೆಗೂಡಿನ ದೆಸೆಯಿಂದ. ತಲೆ ಬಗ್ಗಿಸಿಯೇ ಹೋಗಬೇಕಾದ ಗಿಡ್ಡ ಬಾಗಿಲು, ಕೆಮ್ಮಣ್ಣಿನ ಅಖಾಡ, ಗೂಡಿನಲ್ಲಿ ಹನುಮಂತ, ಗೋಡೆಗೆ ಒರಗಿದ ಗದೆಗಳು. ಉಸ್ತಾದರಿಗೆ ಅರವತ್ತು ದಾಟಿತ್ತು, ಹೊಟ್ಟೆ ಮುಂದೆ ಬಂದಿತ್ತು; ನೋಡಿ ಬೆರಗಾಗುವಂತಹುದೇನೂ ಇರಲಿಲ್ಲ. ಮೊದಲ ತಿಂಗಳು ಅವರು ನನಗೆ ಗದೆಯನ್ನು ಮುಟ್ಟಗೊಡಲಿಲ್ಲ. ಗುದ್ದಲಿ ಕೊಟ್ಟು ಅಖಾಡದ ಮಣ್ಣು ಅಗೆಯಹೇಳಿದರು. ಅನಂತರ ಹತ್ತು ದಂಡ, ಹತ್ತು ಬಸ್ಕಿ. ಹನ್ನೊಂದನೆಯದಕ್ಕೆ ಬಗ್ಗಿದೊಡನೆ ಮೂಲೆಯಿಂದ ಧ್ವನಿ: ‘ಸಾಕು, ಏಳೋ.’ ಅವರು ನನ್ನತ್ತ ಬೆನ್ನು ಮಾಡಿ ಬೇರೊಬ್ಬನಿಗೆ ಪಟ್ಟು ತೋರಿಸುತ್ತಿದ್ದರು. ನನ್ನನ್ನು ನೋಡಿರಲಿಲ್ಲ, ನನ್ನ ಉಸಿರನ್ನು ಕೇಳಿದ್ದರು. ಅಂದು ನನಗೆ ಅವಮಾನವೇ ಆಯಿತು.

ಆ ‘ಸಾಕು’ವಿನ ಅರ್ಥ ತಿಳಿದದ್ದು ಬಹಳ ತಡವಾಗಿ. ಮಾಂಸಖಂಡ ಬಲಿಯುವಷ್ಟು ಬೇಗ ಅದನ್ನು ಎಲುಬಿಗೆ ಬಿಗಿದ ಸ್ನಾಯುರಜ್ಜು ಬಲಿಯುವುದಿಲ್ಲ. ಹೊಸಬನಿಗೆ ಬಲ ಬಂದಂತೆ ತೋರುವ ಕಾಲವೇ ಅಪಾಯದ ಕಾಲ. ಮೈ ಬೆಳೆಯುವುದೂ ಭಾರ ಎತ್ತುವಾಗಲ್ಲ, ಎತ್ತಿದ ಮೇಲಿನ ವಿಶ್ರಾಂತಿಯಲ್ಲಿ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ 12ನೆಯ ಶತಮಾನದಲ್ಲಿಯೇ ಮಲ್ಲರನ್ನು ದರ್ಜೆಗಳಾಗಿ ವಿಂಗಡಿಸಿ, ಭಾರ ಎತ್ತುವುದು, ನಡೆಯುವುದು, ಈಜುವುದು ಎಂದು ಶ್ರಮಗಳನ್ನೂ ಬೇರೆ ಬೇರೆಯಾಗಿ ಹೇಳಿದೆ. ಎಲ್ಲರಿಗೂ ಒಂದೇ ಪಟ್ಟಿ ಬರೆದು ಗೋಡೆಗೆ ಅಂಟಿಸುವವರು ಇದನ್ನು ಗಮನಿಸಬಹುದು.

ಸಾಹಿತ್ಯಪ್ರಿಯರಿಗೆ ಇಲ್ಲಿ ಬೆಂಗಳೂರಿನ ಕೆ.ವಿ. ಅಯ್ಯರ್ ನೆನಪಾಗದಿರರು. ‘ಶಾಂತಲಾ’, ‘ರೂಪದರ್ಶಿ’ಗಳ ಕರ್ತೃವೇ 1930ರಲ್ಲಿ ‘ಮಸಲ್ ಕಲ್ಟ್’ ಬರೆದ ವ್ಯಾಯಾಮಗುರು. ಒಂದೇ ಮುಖ ಕಾಲಾಂತರದಲ್ಲಿ ಹೇಗೆ ಬೇರೆಯಾಗುತ್ತದೆಂಬ ‘ರೂಪದರ್ಶಿ’ಯ ಕಥೆ, ದಿನವೂ ಮನುಷ್ಯದೇಹಗಳನ್ನು ಕಣ್ಣಿಟ್ಟು ನೋಡಿದವರಿಗೇ ಹಿಡಿಸುವ ಕಥೆಯೆಂದು ನನ್ನ ಊಹೆ. ಅವರು ಅಂಚೆಯ ಮೂಲಕವೂ ವ್ಯಾಯಾಮ ಕಲಿಸುತ್ತಿದ್ದರು. ಅವರ ಬಗ್ಗೆ ಎಷ್ಟೇ ಗೌರವವಿದ್ದರೂ ಇದೊಂದನ್ನು ನಾನು ಪೂರ್ತಿ ಒಪ್ಪಲಾರೆ. ಕಾಗದಕ್ಕೆ ಉಸಿರು ಕೇಳಿಸದು. ಇಂದಿನ ಮೊಬೈಲಿನ ಪಾಠಕ್ಕೂ ಅಷ್ಟೇ.

ಹುಡುಗ ಈಗ ಚೇತರಿಸಿಕೊಂಡಿದ್ದಾನೆ. ಮತ್ತೆ ಜಿಮ್ಮಿಗೆ ಸೇರಲೇ ಎಂದು ಕೇಳಿದ. ‘ಸೇರು, ಆದರೆ ಅವರು ಮೊದಲು ಏನು ವಿಚಾರಿಸುತ್ತಾರೆ ನೋಡಿಕೊಂಡು ಸೇರು’ ಎಂದೆ. ಎರಡು ಕಡೆ ಎಷ್ಟು ತಿಂಗಳ ಹಣ ಕಟ್ಟುತ್ತೀಯೆ ಎಂದು ಕೇಳಿದರಂತೆ. ಮೂರನೆಯ ಕಡೆ, ನೋವು ಎಲ್ಲಿತ್ತು, ಒಂದಿಷ್ಟು ಬಗ್ಗಿ ತೋರಿಸು ಎಂದರಂತೆ. ಅಲ್ಲಿಗೆ ಸೇರಿದ್ದಾನೆ. ಎರಡು ವಾರದಿಂದ ಬರಿಯ ನಡಿಗೆ. ಬಹಳ ಬೇಸರವೆಂದು ಮೊನ್ನೆ ಬಂದು ದೂರು ಹೇಳಿದ.