ಬಿಸಿಲೇ ಬಂಡವಾಳ: ಬಣ್ಣದ ನೀರಿಗೆ ನ್ಯಾನೋ ಕಣಗಳ ಮದ್ದು

ಮುಂಬಯಿ ಹೊರವಲಯದಲ್ಲಿ ನೆಲೆಸಿರುವ ಕನ್ನಡಿಗರಿಗೆ ಬಣ್ಣದ ನೀರು ಹೊಸ ಸಂಗತಿಯೇನಲ್ಲ. 2017ರ ಆಗಸ್ಟ್‌ನಲ್ಲಿ ನವಿಮುಂಬಯಿಯ ತಲೋಜ ಕೈಗಾರಿಕಾ ವಲಯದಲ್ಲಿ ಕಾರ್ಖಾನೆಯ ಬಣ್ಣ ಮೈಗೆ ಹತ್ತಿ ಬೀದಿನಾಯಿಗಳು ನೀಲಿಯಾದವು. 2020ರ ಫೆಬ್ರವರಿಯಲ್ಲಿ ಡೊಂಬಿವಲಿಯ ಎಂಐಡಿಸಿ ಪ್ರದೇಶದ ರಸ್ತೆಯೊಂದು ರಾಸಾಯನಿಕದಿಂದ ಗುಲಾಬಿ ಬಣ್ಣಕ್ಕೆ ತಿರುಗಿತು. ಕಣ್ಣಿಗೆ ಕಂಡದ್ದು ಸುದ್ದಿಯಾಯಿತು. ನಾಲಾ, ಖಾಡಿ ಸೇರಿದ ನೀರಿನ ಗತಿಯೇನು ಎಂಬುದು ನಮ್ಮೆಲ್ಲರ ಪ್ರಶ್ನೆಯಾಗಬೇಕು.

ಬಟ್ಟೆಗೆ ಹಾಕುವ ಬಣ್ಣ ಒಗೆತಕ್ಕೂ ಬಿಸಿಲಿಗೂ ಮಾಸಬಾರದೆಂದೇ ತಯಾರಾಗುತ್ತದೆ. ಈ ಗಟ್ಟಿತನವೇ ನೀರಿಗೆ ಶಾಪವಾಗಿದೆ. ಶುದ್ಧೀಕರಣ ಘಟಕದ ಸೂಕ್ಷ್ಮಜೀವಿಗಳಿಗೂ ಇದು ಸುಲಭದಲ್ಲಿ ಜೀರ್ಣವಾಗದು. ಇದ್ದಿಲಿನಿಂದ ಹೀರಿದರೆ ಇದ್ದಿಲು ವಿಷವಾಗುತ್ತದೆ, ಆಲಂ ಹಾಕಿ ತಳಕ್ಕಿಳಿಸಿದರೆ ಕೆಸರು ವಿಷವಾಗುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಇದು ಸಾಲವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗಾಯಿಸಿದಂತೆ. ಸಾಲವೇನೂ ತೀರಿರುವುದಿಲ್ಲ.

ಸಾಲವನ್ನೇ ತೀರಿಸುವ ದಾರಿಯೊಂದನ್ನು ವಿಜ್ಞಾನಿಗಳು ಬಿಸಿಲಿನಲ್ಲಿ ಕಂಡುಕೊಂಡಿದ್ದಾರೆ. ಇದರ ಮೂಲ ಜಪಾನಿನಲ್ಲಿದೆ. ಟೋಕಿಯೋ ವಿಶ್ವವಿದ್ಯಾಲಯದ ಅಕಿರಾ ಫುಜಿಶಿಮಾ ಮತ್ತು ಅವರ ಗುರು ಕೆನಿಚಿ ಹೋಂಡಾ, ಬೆಳಕು ಬಿದ್ದ ಟೈಟಾನಿಯಂ ಡೈಆಕ್ಸೈಡ್ ನೀರನ್ನೇ ಒಡೆಯಬಲ್ಲದೆಂದು 1972ರಲ್ಲಿ ಪ್ರಕಟಿಸಿದರು. ಗೋಡೆಯ ಬಿಳಿ ಪೇಂಟಿನಲ್ಲಿರುವ ವಸ್ತುವೇ ಇದು. 1977ರಲ್ಲಿ ಅಮೆರಿಕದ ಫ್ರಾಂಕ್ ಮತ್ತು ಬಾರ್ಡ್ ಇದೇ ಪುಡಿಯಿಂದ ನೀರಿನಲ್ಲಿದ್ದ ಸಯನೈಡನ್ನು ನಾಶಪಡಿಸಿ ತೋರಿಸಿದರು.

ಬೆಳಕು ತಾಗಿದಾಗ ಕಣದೊಳಗಿನ ಎಲೆಕ್ಟ್ರಾನ್ ಮೇಲಕ್ಕೆ ಜಿಗಿದು, ಅದರ ಜಾಗ ತೆರವಾಗುತ್ತದೆ. ಆ ತೆರವಾದ ಜಾಗ ನೀರಿನಿಂದ ಎಲೆಕ್ಟ್ರಾನನ್ನು ಸೆಳೆದುಕೊಂಡಾಗ ಹೈಡ್ರಾಕ್ಸಿಲ್ ರಾಡಿಕಲ್ ಎಂಬ ಉಗ್ರ ಕಣ ಹುಟ್ಟುತ್ತದೆ. ಇದು ಬಣ್ಣದ ಅಣುವನ್ನು ಹಂತಹಂತವಾಗಿ ಒಡೆದು, ಕೊನೆಗೆ ಇಂಗಾಲದ ಡೈಆಕ್ಸೈಡ್, ನೀರು ಮತ್ತು ಸರಳ ಲವಣಗಳನ್ನು ಉಳಿಸುತ್ತದೆ. ಟೈಟಾನಿಯಂ ಮಾತ್ರ ಖರ್ಚಾಗುವುದಿಲ್ಲ. ಅಸಲು ಹಾಗೆಯೇ ಉಳಿದು ಬಡ್ಡಿಯಲ್ಲೇ ಕೆಲಸ ನಡೆದಂತೆ!

ಇನ್ನು ನ್ಯಾನೋ ಏಕೆ? ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಎಲೆ ಚಹಾಕ್ಕಿಂತ ಅಷ್ಟೇ ತೂಕದ ಡಸ್ಟ್ ಚಹಾ ಬೇಗ ಬಣ್ಣ ಬಿಡುವುದು ನಮ್ಮ ಹೊಟೇಲ್ ಬಂಧುಗಳಿಗೆ ಗೊತ್ತೇ ಇದೆ. ಪುಡಿ ಸಣ್ಣದಾದಷ್ಟೂ ನೀರಿಗೆ ತಾಗುವ ಮೈ ಹೆಚ್ಚು.

ಈ ಕ್ಷೇತ್ರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೊಡುಗೆಯೂ ಇದೆ ಎಂಬುದು ಅಭಿಮಾನದ ಸಂಗತಿ. ಪ್ರೊ. ಎಂ. ಎಸ್. ಹೆಗ್ಡೆ, ಪ್ರೊ. ಗಿರಿಧರ್ ಮದ್ರಾಸ್ ಮತ್ತು ಸಂಗಡಿಗರು ದಹನ ವಿಧಾನದಿಂದ ಸುಮಾರು 8ರಿಂದ 10 ನ್ಯಾನೋಮೀಟರಿನ ಟೈಟಾನಿಯಂ ಡೈಆಕ್ಸೈಡ್ ಕಣಗಳನ್ನು ತಯಾರಿಸಿದರು. ಬಿಸಿಲಿನಲ್ಲಿ ಬಣ್ಣಗಳನ್ನು ಒಡೆಯುವಲ್ಲಿ ಅವು ಮಾರುಕಟ್ಟೆಯ ಹೆಸರಾಂತ ಪುಡಿಯನ್ನು ಮೀರಿಸಿದವು ಎಂಬ ಸಂಶೋಧನೆ 2004ರಲ್ಲಿ ಪ್ರಕಟವಾಯಿತು. ಸ್ಪೇನಿನ ಅಲ್ಮೇರಿಯಾ ಸೌರ ಕೇಂದ್ರದಲ್ಲಂತೂ ಕನ್ನಡಿಯಂಥ ತಗಡುಗಳು ಬಿಸಿಲನ್ನು ಗಾಜಿನ ಕೊಳವೆಗಳತ್ತ ತಿರುಗಿಸಿ, ಅವುಗಳೊಳಗೆ ಹರಿಯುವ ಕೀಟನಾಶಕ ಬೆರೆತ ನೀರನ್ನು ಶುದ್ಧಗೊಳಿಸುವ ಪ್ರಯೋಗಗಳು ನಡೆದಿವೆ.

ಹಾಗಾದರೆ ನಮ್ಮ ನಾಲಾಗಳು ಇನ್ನೂ ಏಕೆ ಹೀಗಿವೆ? ಜಮೆಯನ್ನು ನೋಡಿದವರು ಖರ್ಚನ್ನೂ ನೋಡಬೇಕು. ಸಾಮಾನ್ಯ ಟೈಟಾನಿಯಂ ಡೈಆಕ್ಸೈಡ್ ಬಳಸಿಕೊಳ್ಳುವುದು ನೇರಳಾತೀತ ಕಿರಣಗಳನ್ನು ಮಾತ್ರ. ಬಿಸಿಲಿನಲ್ಲಿ ಅವುಗಳ ಪಾಲು ಶೇಕಡಾ 5ರಷ್ಟೇ. ನೀರು ದಟ್ಟ ಬಣ್ಣದ್ದಾದರೆ ಬೆಳಕು ಒಳಗಿಳಿಯದು. ರಾತ್ರಿ ಮತ್ತು ಮುಂಬಯಿಯ ಮಳೆಗಾಲ ಬೇರೆ. ಕೆಲಸ ಮುಗಿದ ಮೇಲೆ ಅಷ್ಟು ಸಣ್ಣ ಪುಡಿಯನ್ನು ನೀರಿನಿಂದ ಹಿಂಪಡೆಯುವುದೂ ದೊಡ್ಡ ತಲೆನೋವು. ಇದಕ್ಕಾಗಿಯೇ ಪುಡಿಯನ್ನು ಗಾಜು ಮುಂತಾದವುಗಳ ಮೇಲೆ ಲೇಪಿಸುವ ಕ್ರಮ ಬಂದಿದೆ. ಆದರೆ ಹಾಗೆ ಲೇಪಿಸಿದರೆ ನೀರಿಗೆ ತಾಗುವ ಮೈ ಕಡಿಮೆಯಾಗುತ್ತದೆ.

ಎರಡು ಎಚ್ಚರಿಕೆಗಳು ಅಗತ್ಯ. ಬಣ್ಣ ಹೋದ ಮಾತ್ರಕ್ಕೆ ನೀರು ಶುದ್ಧವಾಯಿತೆಂದು ಅರ್ಥವಲ್ಲ, ಅರ್ಧ ಒಡೆದ ಅಣುಗಳು ಕಣ್ಣಿಗೆ ಕಾಣದೆ ಉಳಿದಿರಬಹುದು. ಸೀಸ, ಪಾದರಸದಂಥ ಲೋಹಗಳು ಮೂಲಧಾತುಗಳಾದ್ದರಿಂದ ಅವನ್ನು ಯಾವ ಬೆಳಕೂ ಒಡೆದು ಇಲ್ಲವಾಗಿಸದು. ಆದ್ದರಿಂದ ಈ ವಿಧಾನ ಕಾರ್ಖಾನೆಯ ಶುದ್ಧೀಕರಣ ಘಟಕಕ್ಕೆ ಬದಲಿಯಲ್ಲ, ಅದರ ಕೊನೆಯ ಮೆಟ್ಟಿಲಾಗಬಲ್ಲದು ಅಷ್ಟೇ. ಮೊದಲ ಮೆಟ್ಟಿಲುಗಳನ್ನೇ ಕಟ್ಟದವರು ನ್ಯಾನೋ ಹೆಸರು ಹೇಳಿ ಹೊಣೆ ಜಾರಿಸಿಕೊಳ್ಳಬಾರದು.

ನಮ್ಮ ಸಂಘ-ಸಂಸ್ಥೆಗಳು ಪರಿಸರ ದಿನದಂದು ಸಸಿ ನೆಡುವುದು ಶ್ಲಾಘನೀಯ. ಅದರ ಜೊತೆಗೆ ವರ್ಷಕ್ಕೊಮ್ಮೆ ನೀರಿನ ವಿಷಯ ಬಲ್ಲ ತಜ್ಞರನ್ನು ಕರೆಸಿ ಉಪನ್ಯಾಸ ಏರ್ಪಡಿಸಬಹುದು. ನಾಲಾದ ನೀರು ಬಣ್ಣ ಬದಲಿಸಿದ ದಿನ ಸದಸ್ಯರು ದಿನಾಂಕ, ಸಮಯ ಮತ್ತು ಫೋಟೋ ಸಹಿತ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಡಬಹುದು. ಸೂರ್ಯ ತನ್ನ ಪಾಲಿನ ಕೆಲಸವನ್ನು ಪುಕ್ಕಟೆಯಾಗಿ ಮಾಡಲು ಸಿದ್ಧನಿದ್ದಾನೆ. ಉಳಿದ ಪಾಲು ಕಾರ್ಖಾನೆಗಳದ್ದು, ಸರಕಾರದ್ದು ಮತ್ತು ಕೇಳುವ ಬಾಯಿಯುಳ್ಳ ನಮ್ಮದು.