ಕೊಂಡಿ ಕಳಚಿದ ಕೈಗಳು



ಎರಡನೇ ಮಹಾಯುದ್ಧದ ಪಾಠದಲ್ಲಿ ಸೈನಿಕರ, ವಿಮಾನಗಳ, ಚರ್ಚಿಲ್ ಅವರ ವಿಷಯ ಓದಿರುತ್ತೀರಿ. ಇವತ್ತು ಬಂದೂಕು ಹಿಡಿಯದವರ ಮಾತು. ಸೈನಿಕ ರಣರಂಗದಲ್ಲಿ ನಿಲ್ಲಬೇಕಾದರೆ ಅವನ ಬೆನ್ನ ಹಿಂದೆ ಇಡೀ ನಾಡು ದುಡಿಯಬೇಕು. ಬ್ರಿಟನ್ನಿನಲ್ಲಿ ಆ ದುಡಿಮೆಯ ದೊಡ್ಡ ಪಾಲು ರೈಲ್ವೆ ನೌಕರರದು.

1939ರ ಸೆಪ್ಟೆಂಬರಿನಲ್ಲಿ ಲಕ್ಷಾಂತರ ಮಕ್ಕಳನ್ನು ನಗರಗಳಿಂದ ಹಳ್ಳಿಗಳಿಗೆ ಮುಟ್ಟಿಸಿದವರು ಇವರು. 1940ರಲ್ಲಿ ಡನ್‌ಕರ್ಕ್‌ನಿಂದ ಸಮುದ್ರ ದಾಟಿ ಬಂದ ಸುಮಾರು 3 ಲಕ್ಷ ಸೈನಿಕರನ್ನು ಬಂದರುಗಳಿಂದ ಒಳನಾಡಿಗೆ ಸಾಗಿಸಲು 600ಕ್ಕೂ ಹೆಚ್ಚು ವಿಶೇಷ ರೈಲುಗಳು ಓಡಿದವು. ಈ ಕೆಲಸ ಎಷ್ಟು ಅಗತ್ಯವಾಗಿತ್ತೆಂದರೆ, ಅನುಭವಿ ರೈಲ್ವೆ ನೌಕರರಲ್ಲಿ ಹೆಚ್ಚಿನವರಿಗೆ ಕಡ್ಡಾಯ ಸೈನ್ಯಸೇವೆಯಿಂದ ವಿನಾಯಿತಿ ಇತ್ತು. ಆದರೂ ಜನ ಸಾಲದೆ, ಒಂದು ಲಕ್ಷಕ್ಕೂ ಹೆಚ್ಚು ಮಹಿಳೆಯರು ರೈಲ್ವೆ ಕೆಲಸಕ್ಕೆ ಬಂದರು. ರಾತ್ರಿ ಶತ್ರು ವಿಮಾನಗಳಿಗೆ ಕಾಣಬಾರದೆಂದು ಎಂಜಿನ್ನಿನ ಬೆಂಕಿಯ ಬೆಳಕನ್ನೂ ಪರದೆ ಕಟ್ಟಿ ಮರೆಮಾಡಿ ರೈಲು ಓಡಿಸಬೇಕಿತ್ತು.

ಸೈನ್ಯಕ್ಕೆ ಹೋಗದಿದ್ದ ಮಾತ್ರಕ್ಕೆ ಇವರು ಸುರಕ್ಷಿತವಾಗಿದ್ದರೇ? ಕೇಂಬ್ರಿಡ್ಜ್‌ಶೈರಿನಲ್ಲಿ ಸೋಹಂ ಎಂಬ ಚಿಕ್ಕ ಪಟ್ಟಣವಿದೆ. ಕನ್ನಡದಲ್ಲಿ ಬರೆದರೆ ನಮ್ಮ ವೇದಾಂತದ ‘ಸೋಹಂ’, ಅಂದರೆ ‘ಅವನೇ ನಾನು’ ಎಂಬ ಪದದಂತೆಯೇ ಕಾಣುತ್ತದೆ! 1944ರ ಜೂನ್ 2ರ ನಡುರಾತ್ರಿ ಕಳೆದ ಮೇಲೆ, 51 ವ್ಯಾಗನ್‌ಗಳಲ್ಲಿ ಯುದ್ಧಸಾಮಗ್ರಿ ತುಂಬಿದ್ದ ರೈಲೊಂದು ಅಲ್ಲಿಗೆ ಬರುತ್ತಿತ್ತು. ಎಂಜಿನ್ನಿನ ಹಿಂದಿದ್ದ ಮೊದಲ ವ್ಯಾಗನ್ನಿಗೆ ಬೆಂಕಿ ಹತ್ತಿದ್ದನ್ನು ಡ್ರೈವರ್ ಬೆಂಜಮಿನ್ ಗಿಂಬರ್ಟ್ ಕಂಡರು. ಅದರೊಳಗೆ ತಲಾ ಸುಮಾರು 225 ಕಿಲೋ ತೂಕದ 44 ಬಾಂಬುಗಳಿದ್ದವು.

ಇಬ್ಬರೂ ಹಾರಿ ಓಡಬಹುದಿತ್ತು. ಓಡಿದ್ದರೆ ಬೆಂಕಿ ಉಳಿದ 50 ವ್ಯಾಗನ್‌ಗಳಿಗೂ ಹರಡಿ ಊರೇ ಉಳಿಯುತ್ತಿರಲಿಲ್ಲ. ಗಿಂಬರ್ಟ್ ರೈಲು ನಿಲ್ಲಿಸಿದರು. ಫೈರ್‌ಮನ್, ಅಂದರೆ ಎಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದ ಜೇಮ್ಸ್ ನೈಟಾಲ್, ಕೆಳಗಿಳಿದು ಆ ವ್ಯಾಗನ್ನಿನ ಹಿಂದಿನ ಕೊಂಡಿ ಕಳಚಿದರು. ಅವರಿಗೆ ಆಗ ಕೇವಲ 22 ವರ್ಷ. ಉರಿಯುವ ವ್ಯಾಗನ್ನನ್ನು ಊರಾಚೆಯ ಬಯಲಿಗೆ ಒಯ್ಯೋಣವೆಂದು ಇಬ್ಬರೂ ಎಂಜಿನ್ ಮುಂದಕ್ಕೆ ಬಿಟ್ಟರು. ನೂರು ಮೀಟರಿಗಿಂತ ಸ್ವಲ್ಪ ದೂರ ಹೋಗಿ ನಿಲ್ದಾಣದ ಬಳಿ ಬರುವಷ್ಟರಲ್ಲಿ ಬಾಂಬುಗಳು ಸಿಡಿದವು.

ನೈಟಾಲ್ ಅಲ್ಲೇ ತೀರಿಕೊಂಡರು. ನಿಲ್ದಾಣದಲ್ಲಿ ಕರ್ತವ್ಯದಲ್ಲಿದ್ದ ಸಿಗ್ನಲ್‌ಮನ್ ಫ್ರಾಂಕ್ ಬ್ರಿಡ್ಜಸ್ ಮರುದಿನ ಪ್ರಾಣಬಿಟ್ಟರು. ಗಿಂಬರ್ಟ್ ತೀವ್ರವಾಗಿ ಗಾಯಗೊಂಡರೂ ಬದುಕಿದರು. 700ಕ್ಕೂ ಹೆಚ್ಚು ಕಟ್ಟಡಗಳಿಗೆ ಪೆಟ್ಟಾಯಿತು, ನಿಲ್ದಾಣ ನೆಲಸಮವಾಯಿತು. ಆದರೆ ಉಳಿದ ವ್ಯಾಗನ್‌ಗಳು ಸಿಡಿಯಲಿಲ್ಲ, ಊರು ಉಳಿಯಿತು. ಹಳಿಯ ಮೇಲೆ ಬಿದ್ದ ದೊಡ್ಡ ಗುಂಡಿಯನ್ನು ಮುಚ್ಚಿ, ಹೊಸ ಹಳಿ ಹಾಸಿ, ಅದೇ ದಿನ ರಾತ್ರಿಯೊಳಗೆ ರೈಲು ಓಡುವಂತೆ ಮಾಡಿದರು. ನಾಲ್ಕೇ ದಿನಕ್ಕೆ ನಾರ್ಮಂಡಿಯ ದಾಳಿ ಶುರುವಾಯಿತು.

ಗಿಂಬರ್ಟ್ ಮತ್ತು ನೈಟಾಲ್ ಇಬ್ಬರಿಗೂ ಜಾರ್ಜ್ ಕ್ರಾಸ್ ಗೌರವ ಸಂದಿತು. ರಣರಂಗದ ಹೊರಗೆ ತೋರಿದ ಶೌರ್ಯಕ್ಕೆ ಬ್ರಿಟನ್ ಕೊಡುವ ಅತ್ಯುನ್ನತ ಪದಕ ಅದು. ಕೊಂಡಿ ಹಾಕುವುದು, ಕಳಚುವುದು ರೈಲ್ವೆಯವರಿಗೆ ದಿನನಿತ್ಯದ ಕೆಲಸ. ಆ ರಾತ್ರಿ ಅವರು ಮಾಡಿದ್ದೂ ಅದನ್ನೇ, ಬೆಂಕಿಯ ಪಕ್ಕದಲ್ಲಿ ನಿಂತು.

ಸೋಹಂ ನಿಲ್ದಾಣ 1965ರಲ್ಲಿ ಮುಚ್ಚಿ, 2021ರಲ್ಲಿ ಮತ್ತೆ ತೆರೆದಿದೆ. ಈಲಿಯಿಂದ ಮುಂದಿನ ನಿಲ್ದಾಣವೇ ಅದು. ಊರಿನಲ್ಲಿ ಇವರ ಸ್ಮಾರಕವಿದೆ. ಆ ಕಡೆ ಹೋದರೆ ಇಳಿದು ನೋಡಿ ಬನ್ನಿ.