ಜ್ವರ ಬಿಟ್ಟ ದಿನವೇ ಎಚ್ಚರ

ಮಗುವಿನ ಹಣೆ ಮುಟ್ಟಿ ನೋಡಿದ ತಾಯಿ 'ಜ್ವರ ಇದೆ' ಎಂದರೆ ನಾನು ಆ ಮಾತನ್ನು ತಳ್ಳಿಹಾಕುವುದಿಲ್ಲ. ಹೇಗೆ ತಿಳಿಯಿತೆಂದು ಕೇಳಿದರೆ ಆಕೆ ವಿವರಿಸಲಾರಳು. ವೈದ್ಯರ ಪಾಡೂ ಅದೇ. ಗುಲ್ಮ ಊದಿದೆಯೇ ಎಂದು ಹೊಟ್ಟೆ ಒತ್ತಿ ತಿಳಿಯುವುದನ್ನು ಬರೀ ಪುಸ್ತಕ ಓದಿ ಕಲಿತವರಿಲ್ಲ. ಹತ್ತಾರು ರೋಗಿಗಳನ್ನು ಮುಟ್ಟಿ ನೋಡಿದ ಮೇಲೆ ಅದು ಬೆರಳಿಗೇ ಗೊತ್ತಾಗುತ್ತದೆ.

ಆದರೆ ಅನುಭವ ಕೆಲವೊಮ್ಮೆ ಕಣ್ಣು ಕಟ್ಟುವುದೂ ಉಂಟು. ಸಾಮಾನ್ಯ ವೈರಸ್ ಜ್ವರಗಳು ಹೆಚ್ಚಾಗಿ ಮೂರು-ನಾಲ್ಕು ದಿನಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಎರಡನೆಯ ದಿನ ಇಂಜೆಕ್ಷನ್ ಹಾಕಿಸಿಕೊಂಡವರು ಅದರಿಂದಲೇ ವಾಸಿಯಾಯಿತು ಎನ್ನುತ್ತಾರೆ. ಹಾಕಿದ ವೈದ್ಯರೂ ಹಾಗೆಯೇ ನಂಬಿಬಿಡುತ್ತಾರೆ! ಜ್ವರ ಇಳಿದರೆ ಕಾಯಿಲೆ ಹೋಯಿತು ಎಂಬುದು ಹೀಗೆ ನಮ್ಮೆಲ್ಲರ ತಲೆಯಲ್ಲಿ ಬೇರೂರಿದೆ.

ಡೆಂಗಿ ಜ್ವರದಲ್ಲಿ ಈ ಲೆಕ್ಕ ತಲೆಕೆಳಗಾಗಬಹುದು. 2010ರ ಮಳೆಗಾಲ. ಏಳು ವರ್ಷದ ಹುಡುಗನೊಬ್ಬನಿಗೆ ಐದನೆಯ ದಿನ ಜ್ವರ ಬಿಟ್ಟಿತ್ತು. ಥರ್ಮಾಮೀಟರ್ ನೋಡಿ, 'ಇನ್ನೇನೂ ಭಯವಿಲ್ಲ' ಎಂದೆ. ಜೊತೆಗೆ ಬಂದಿದ್ದ ಅಜ್ಜಿ, 'ಇಲ್ಲ ಡಾಕ್ಟ್ರೇ, ಮಗು ಯಾಕೋ ಎಂದಿನಂತಿಲ್ಲ. ಕೈಕಾಲು ತಣ್ಣಗಿದೆ' ಎಂದರು. ಜ್ವರ ಬಿಟ್ಟ ಮೈ ತಣ್ಣಗಾಗದೆ ಇನ್ನೇನು ಎಂದು ನಕ್ಕುಬಿಟ್ಟೆ. ಏಳೆಂಟು ವರ್ಷದ ಅನುಭವ ನನಗೂ ಇತ್ತು, ಆದರೆ ಅದು ಬೇರೆ ಜ್ವರಗಳದ್ದು. ಅಜ್ಜಿ ಕದಲಲಿಲ್ಲ. ಕೊನೆಗೆ ನಾಡಿ ಹಿಡಿದೆ. ಬಹಳ ಕ್ಷೀಣ, ಬಹಳ ವೇಗ. ಉಗುರನ್ನು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಮರಳಬೇಕಾದ ಕೆಂಪು ನಾಲ್ಕು ಸೆಕೆಂಡಾದರೂ ಬರಲಿಲ್ಲ. ತಕ್ಷಣ ಡ್ರಿಪ್ ಹಾಕಿ ದೊಡ್ಡಾಸ್ಪತ್ರೆಗೆ ಕಳಿಸಿದೆ. ಹುಡುಗ ಉಳಿದುಕೊಂಡ. ಅಂದಿನಿಂದ ಥರ್ಮಾಮೀಟರ್ ತೆಗೆಯುವ ಮೊದಲು, 'ಮಗು ಎಂದಿನಂತಿದೆಯೇ?' ಎಂದು ಮನೆಯವರನ್ನು ಕೇಳುತ್ತೇನೆ.

ಡೆಂಗಿಯಲ್ಲಿ ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದೊಳಗೆ ಜ್ವರ ಇಳಿಯುತ್ತದೆ. ಕೆಲವರಲ್ಲಿ ಅದೇ ಹೊತ್ತಿಗೆ ಸೂಕ್ಷ್ಮ ರಕ್ತನಾಳಗಳಿಂದ ದ್ರವ ಹೊರಗೆ ಸೋರತೊಡಗುತ್ತದೆ. ಸೋರಿಕೆ ಹೆಚ್ಚಾದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ. ಈ ಸ್ಥಿತಿ 24ರಿಂದ 48 ಗಂಟೆ ಇರುತ್ತದೆ. ಪ್ಲೇಟ್‌ಲೆಟ್ ಎಷ್ಟಾಯಿತು ಎಂದಷ್ಟೇ ಜಪಿಸುವವರು ಇದನ್ನು ಮರೆತುಬಿಡುತ್ತಾರೆ.

ಆದ್ದರಿಂದ ಜ್ವರ ಬಿಟ್ಟ ಮೇಲೂ ಎರಡು ದಿನ ರೋಗಿಯ ಮೇಲೆ ಕಣ್ಣಿಟ್ಟಿರಿ. ತೀವ್ರ ಹೊಟ್ಟೆನೋವು, ಬಿಡದ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತ, ಮಂಕು, ಚಡಪಡಿಕೆ, ತಣ್ಣನೆಯ ಕೈಕಾಲು, ಮೂತ್ರ ಕಡಿಮೆಯಾಗುವುದು ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ಕೂಡದು.